ಐನೂರು ಕುದುರೆ, ಒಂದು ಊರುಗೋಲು

ನಾನು ಹುಟ್ಟಿದ್ದು ಏಟಿನಿಂದ. ಚಳಿಯ ದೇಶವೊಂದರ ಕಾರ್ಖಾನೆಯಲ್ಲಿ ಉಕ್ಕಿನ ತಗಡನ್ನು ಅಚ್ಚಿನ ಮೇಲಿಟ್ಟು, ಮನೆಯಷ್ಟು ದೊಡ್ಡ ಯಂತ್ರವೊಂದು ಮೇಲಿನಿಂದ ಗುದ್ದಿತು. ಒಂದು ಗುದ್ದಿಗೆ ಬಾಗಿಲಾಯಿತು, ಇನ್ನೊಂದಕ್ಕೆ ಬಾನೆಟ್ಟಾಯಿತು. ಆಮೇಲೆ ಕಿಡಿ ಹಾರಿಸುತ್ತ ಬೆಸೆದರು, ಒಲೆಯೊಳಗೆ ನಿಲ್ಲಿಸಿ ಕಪ್ಪು ಬಣ್ಣ ಒಣಗಿಸಿದರು. ಎಂಟು ಸಿಲಿಂಡರಿನ ಎಂಜಿನ್ನನ್ನು ಎದೆಗೆ ಇಳಿಸಿ, ಅದರ ಎರಡು ಟರ್ಬೊಗಳು ಕೆಂಡದಂತೆ ಕೆಂಪಾಗುವವರೆಗೆ ಓಡಿಸಿ ನೋಡಿದರು. ಐನೂರು ಕುದುರೆಗಳ ಶಕ್ತಿಯ ಕಾರು ಎಂದು ನನ್ನನ್ನು ಕರೆದರು. ಒಳಗೆ ಮೆತ್ತನೆಯ ಚರ್ಮದ ಸೀಟು, ಸದ್ದು ನುಸುಳದ ಗಾಜು. ಹೊರಗೆ ಜಗತ್ತು ಕೂಗಿಕೊಂಡರೂ ಒಳಗೆ ಕೂತವರಿಗೆ ಕೇಳಿಸಬಾರದು, ಅಂಥ ಏರ್ಪಾಡು.

ಹಡಗಿನಲ್ಲಿ ಬಂದು ಇಳಿದ ಮೇಲೆ ನನ್ನ ಮೊದಲ ಯಜಮಾನರಾದವರು ಬೆಳಗಾವಿಯ ಭರತೇಶ ಚೌಗುಲೆ. ಎರಕದ ಕಾರ್ಖಾನೆ ಇಟ್ಟುಕೊಂಡಿದ್ದ ಅವರಿಗೆ ಲೋಹದ ಗುಣ ಗೊತ್ತಿತ್ತು. ಎಂಜಿನ್ ಚಾಲೂ ಮಾಡಿದ ಕೂಡಲೇ ಓಡಿಸುತ್ತಿರಲಿಲ್ಲ. ಎಣ್ಣೆ ಬಿಸಿಯಾಗಲಿ ಎಂದು ಕಾಯುತ್ತಿದ್ದರು. ಆದರೆ ಹೆದ್ದಾರಿ ಸಿಕ್ಕರೆ ಅವರೂ ಬಿಡುತ್ತಿರಲಿಲ್ಲ. ಒಂದು ಮುಂಜಾನೆ ಸಂಕೇಶ್ವರದ ಹತ್ತಿರ ಎಮ್ಮೆಯ ಕರುವೊಂದು ಅಡ್ಡ ಬಂತು. ನಾನು ನಿಲ್ಲುವಷ್ಟರಲ್ಲಿ ಕರು ಎರಡು ತುಂಡಾಗಿತ್ತು. ಚೌಗುಲೆಯವರು ಇಳಿದು ರಸ್ತೆಯ ಬದಿಗೆ ಕೂತುಬಿಟ್ಟರು. ತಾಯಿ ಎಮ್ಮೆ ಬಂದು ನನ್ನ ಬಂಪರಿಗೆ ಹತ್ತಿದ ರಕ್ತವನ್ನು ಮೂಸಿ ನೋಡಿ, ನೆಕ್ಕತೊಡಗಿತು. ಅದನ್ನು ಕಂಡ ಮೇಲೆ ಅವರ ಕಾಲು ನನ್ನ ಪೆಡಲಿನ ಮೇಲೆ ಹಗುರಾಯಿತು. ಅಷ್ಟರಲ್ಲಿ ನನಗೂ ವಯಸ್ಸಾಗಿತ್ತು. ಅವರು ನನ್ನನ್ನು ಮಾರಲು ಇಟ್ಟರು.

ನಮ್ಮಂಥ ಕಾರುಗಳ ಒಂದು ಗುಟ್ಟನ್ನು ಇಲ್ಲಿ ಹೇಳಲೇಬೇಕು. ವರ್ಷ ಕಳೆದಂತೆ ನಮ್ಮ ಬೆಲೆ ಬೆಟ್ಟದಿಂದ ಉರುಳಿದ ಕಲ್ಲಿನಂತೆ ಇಳಿಯುತ್ತದೆ. ನಮ್ಮ ಬಿಡಿಭಾಗಗಳ ಬೆಲೆ ಮಾತ್ರ ಒಂದು ರೂಪಾಯಿಯೂ ಇಳಿಯುವುದಿಲ್ಲ. ಕೋಟಿಗೆ ಬಂದವನು ನಾನು, ಸಾಧಾರಣ ಹೊಸ ಕಾರಿನ ಬೆಲೆಗೆ ಸಿಕ್ಕುವಂತಾದೆ. ಆ ಬೆಲೆ ನೋಡಿ ಬಂದವನೇ ಹುಬ್ಬಳ್ಳಿಯ ಫಕ್ಕೀರೇಶ ಹಂಚಿನಾಳ.

ಕಲಘಟಗಿ ರಸ್ತೆಯಲ್ಲಿ ಅವನ ಕಲ್ಲಿನ ಕ್ರಷರ್ ಇತ್ತು. ಜೊತೆಗೆ, ತಕರಾರಿನ ಜಾಗಗಳಿಂದ ಜನರನ್ನು ಎಬ್ಬಿಸಿ ಓಡಿಸುವ ಕೆಲಸವನ್ನೂ ಹಿಡಿಯುತ್ತಿದ್ದ. ಚೌಗುಲೆ ಅವನಿಗೆ ಒಂದನ್ನೂ ಮುಚ್ಚಿಡಲಿಲ್ಲ. ಮುಂದಿನ ಎಡಗಾಲಿಯ ಮೇಲಿನ ಗಾಳಿಚೀಲ ಸೋರತೊಡಗಿದೆ, ಬ್ರೇಕಿನ ತಟ್ಟೆಗಳು ತೆಳುವಾಗಿವೆ ಎಂದರು. ಕೊನೆಗೆ, “ಇದನ್ನ ತಗೊಳ್ಳೂದು ಸಸ್ತಾ ಐತಿ, ಸಾಕೂದು ಸಸ್ತಾ ಅಲ್ಲ, ನೋಡ್ರಿ” ಎಂದರು. ಫಕ್ಕೀರೇಶ ನಕ್ಕು ಕೀಲಿ ಇಸಿದುಕೊಂಡ.

ಅವನ ಚಾಲಕ ದಾವಲಸಾಬ ಐವತ್ತರ ಮನುಷ್ಯ. ನನ್ನನ್ನು ಬೆಳಿಗ್ಗೆ ನೋಡಿದ ಕೂಡಲೇ ಅವನಿಗೆ ಅರ್ಥವಾಯಿತು. ನನ್ನ ನಾಲ್ಕು ಕಾಲುಗಳಲ್ಲಿ ಉಕ್ಕಿನ ಸ್ಪ್ರಿಂಗ್ ಇಲ್ಲ. ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಒಂದು ಸೋರಿದರೆ ರಾತ್ರಿಯಿಡೀ ಗಾಳಿ ಇಳಿದು, ಬೆಳಗಾಗುವಷ್ಟರಲ್ಲಿ ನಾನು ಮಂಡಿ ಊರಿದ ಎತ್ತಿನಂತೆ ಒಂದು ಮೂಲೆಗೆ ಕುಸಿದಿರುತ್ತೇನೆ. ಚಾಲೂ ಮಾಡಿದರೆ ಹೊಟ್ಟೆಯೊಳಗಿನ ಪುಟ್ಟ ಪಂಪು ಗೊರಗೊರ ಎಂದು ಗಾಳಿ ತುಂಬಿ ನನ್ನನ್ನು ಎಬ್ಬಿಸುತ್ತದೆ. ಸೋರುವ ಚೀಲಕ್ಕೆ ದಿನವೂ ಗಾಳಿ ತುಂಬಿದರೆ ಪಂಪೂ ಸುಡುತ್ತದೆ. ಗ್ಯಾರೇಜಿನವರು ಒಂದು ಕಾಲಿಗೇ ಒಂದೂವರೆ ಲಕ್ಷ, ಮುಂದಿನ ಬ್ರೇಕಿಗೆ ಎರಡು ಲಕ್ಷದ ಮೇಲೆ ಎಂದರು. ಎಂಜಿನ್ನಿನ ಮೇಲಿನಿಂದ ಜಿನುಗಿದ ಎಣ್ಣೆ ಕಾದ ಟರ್ಬೊ ಮೇಲೆ ಬಿದ್ದು ಹೊಗೆಯಾಡುತ್ತಿತ್ತು. ಅದಕ್ಕೆ ಎಂಜಿನ್ ಅರ್ಧ ಬಿಚ್ಚಬೇಕು, ಅದರ ಲೆಕ್ಕ ಬೇರೆ. ದಾವಲಸಾಬ ಇದನ್ನೆಲ್ಲ ಹೇಳಿದಾಗ ಫಕ್ಕೀರೇಶ ಕೇಳಿದ್ದು ಒಂದೇ: ಗ್ಯಾರೇಜಿನವರು ನಿನಗೆ ಎಷ್ಟು ಕೊಡುತ್ತಾರೆ?

ಪಂಪು ಸುಟ್ಟಿತು. ಆಮೇಲೆ ನಾನು ಏಳಲೇ ಇಲ್ಲ. ಎಡಗಾಲಿ ತನ್ನ ಮೇಲಿನ ತಗಡಿನ ರೆಕ್ಕೆಗೆ ಉಜ್ಜಿ ಟೈರು ಸೀಳುತ್ತಿತ್ತು. ಬ್ರೇಕ್ ಒತ್ತಿದರೆ ಲೋಹಕ್ಕೆ ಲೋಹ ತಾಗಿ ಕಿರಿಚುತ್ತಿತ್ತು. ಒಂದು ಭಾನುವಾರ, ಮನೆಯ ಅಂಗಳದಲ್ಲಿ, ಈ ಗಾಡಿಯನ್ನು ಇನ್ನು ಓಡಿಸಲಾರೆ ಎಂದು ದಾವಲಸಾಬ ಕೀಲಿ ಮುಂದಿಟ್ಟ. ಓಡಿಸಿದರೆ ಯಾರದಾದರೂ ಜೀವ ಹೋಗುತ್ತದೆ ಎಂದ.

ಫಕ್ಕೀರೇಶ ಡಿಕ್ಕಿಯಿಂದ ಗಾಲಿ ಬಿಚ್ಚುವ ಕಬ್ಬಿಣದ ವೀಲ್ ಪಾನಾ ತೆಗೆದ. ದಾವಲಸಾಬನ ಬಲಗೈಯನ್ನು ನನ್ನ ಬಾನೆಟ್ಟಿನ ಮೇಲೆ ಅದುಮಿ ಹಿಡಿದು ಹೊಡೆದ. ಮೊದಲ ಏಟಿಗೆ ಮಣಿಕಟ್ಟು ಮುರಿಯಿತು. ಆ ಸದ್ದು ನನ್ನ ತಗಡಿನ ಮೂಲಕ ನನ್ನೊಳಗೆ ಹೋಯಿತು. ಎರಡನೆಯದಕ್ಕೆ ಬೆರಳುಗಳು. ಬಾನೆಟ್ಟು ತಗ್ಗಿತು. ದಾವಲಸಾಬ ಕೂಗಲಿಲ್ಲ, ಬಾಯಿ ತೆರೆದು ಗಾಳಿಗಾಗಿ ಒದ್ದಾಡಿದ.

ಆಗ ಮನೆಯೊಳಗಿನಿಂದ ಬಂದವಳು ಕಸ್ತೂರಿ, ಫಕ್ಕೀರೇಶನ ಹೆಂಡತಿ. ಅಲ್ಲಿಯವರೆಗೆ ನಾನು ಅವಳನ್ನು ಹಿಂದಿನ ಸೀಟಿನಲ್ಲಿ ಮಾತಾಡದೆ ಕೂಡುವ ಹೆಂಗಸು ಎಂದಷ್ಟೇ ಬಲ್ಲೆ. ಗಂಡನ ಕೈಯಲ್ಲಿ ಪಾನಾ ಇನ್ನೂ ಇರುವಾಗಲೇ ಅವಳು ಅವನನ್ನು ದಾಟಿ ಹೋಗಿ ದಾವಲಸಾಬನ ತೋಳು ಹಿಡಿದು ಬೀದಿಗೆ ನಡೆಸಿ, ಆಟೋ ನಿಲ್ಲಿಸಿ ಆಸ್ಪತ್ರೆಗೆ ಕರೆದೊಯ್ದಳು. ಸಂಜೆ ಮರಳಿ ಬಂದಾಗ ಅವಳಿಗೆ ಬಿದ್ದ ಪೆಟ್ಟುಗಳ ಸದ್ದು ಅಂಗಳದವರೆಗೆ ಕೇಳಿಸಿತು. ಮರುದಿನ ಅವಳ ಒಂದು ಕಣ್ಣು ಮುಚ್ಚಿಹೋಗಿತ್ತು. ದಾವಲಸಾಬ ಪೊಲೀಸರಲ್ಲಿ ದೂರು ಕೊಟ್ಟ. ಹಿಂದೆ ತೆಗೆದುಕೊಳ್ಳಲು ಫಕ್ಕೀರೇಶ ಹೇಳಿಕಳಿಸಿದರೂ ತೆಗೆದುಕೊಳ್ಳಲಿಲ್ಲ.

ಇನ್ನು ಮೇಲೆ ನಾನೇ ಓಡಿಸುತ್ತೇನೆ ಎಂದು ಫಕ್ಕೀರೇಶ ಹೊರಟ. ಎಷ್ಟು ದಿನ ನಡೆದೀತು? ಕಲಘಟಗಿ ರಸ್ತೆಯ ಒಂದು ಇಳಿಜಾರಿನಲ್ಲಿ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಕಂಡು ಅವನು ಬ್ರೇಕ್ ಒತ್ತಿದ. ಎಡಗಡೆಯ ಬ್ರೇಕ್ ಹಿಡಿಯಲೇ ಇಲ್ಲ, ಬಲಗಡೆಯದು ಹಿಡಿಯಿತು. ನಾನು ಗಿರಕಿ ಹೊಡೆದು ಮೋರಿಯ ಕಲ್ಲಿಗೆ ಅಪ್ಪಳಿಸಿದೆ. ಗಾಜು ಪುಡಿಯಾಯಿತು, ರೇಡಿಯೇಟರ್ ಒಡೆದು ಬಿಸಿನೀರು ಚಿಮ್ಮಿತು, ಏರ್‌ಬ್ಯಾಗ್ ಸ್ಫೋಟಿಸಿ ಅವನ ಮುಖ ಉಳಿಸಿತು. ಬಲಗಾಲು ಪೆಡಲುಗಳ ನಡುವೆ ಸಿಕ್ಕು ಎರಡು ಕಡೆ ಮುರಿಯಿತು. ಕಬ್ಬಿನ ಗಾಡಿಯವರು ಹಾರೆ ಹಾಕಿ ನನ್ನ ಬಾಗಿಲು ಮೀಟಿ ಅವನನ್ನು ಎಳೆದರು. ಅವನು ಅವರನ್ನೂ ಬೈಯುತ್ತಿದ್ದ.

ನನ್ನನ್ನು ಹೊಸದರಂತೆ ಮಾಡಲು ಕೇಳಿದ ಖರ್ಚು ನನ್ನ ಬೆಲೆಯನ್ನೇ ಮೀರಿತು. ಒಂದು ಹೆಡ್‌ಲೈಟಿನ ದುಡ್ಡಿಗೆ ಎರಡು ಮೋಟರ್‌ಸೈಕಲ್ ಬರುತ್ತಿದ್ದವು. ಅವನು ಮುಂಬೈಯ ಗುಜರಿಯಿಂದ ನನ್ನಂಥದೇ ಸತ್ತ ಕಾರುಗಳ ಅಂಗಗಳನ್ನು ತರಿಸಿದ. ಒಂದು ಕಡೆಯ ರೆಕ್ಕೆ ಬೇರೆ ಕಪ್ಪು, ಇನ್ನೊಂದು ಕಡೆಯದು ಬೇರೆ ಕಪ್ಪು, ಬಾನೆಟ್ಟು ಮಾತ್ರ ಅದೇ ಹಳೆಯ ತಗ್ಗಿನದು. ಗಾಳಿಚೀಲ ತೆಗೆದು ಸಾಧಾರಣ ಸ್ಪ್ರಿಂಗ್ ತುರುಕಿದರು. ಏರ್‌ಬ್ಯಾಗ್ ಹಾಕಲೇ ಇಲ್ಲ. ಎರಡೂ ಮುಂದಿನ ಸೀಟಿನೆದುರು ಅದಿದ್ದ ಜಾಗಕ್ಕೆ ಮುಚ್ಚಳ ಅಂಟಿಸಿದರು. ಬ್ರೇಕನ್ನು ಉಜ್ಜಿ, ಇನ್ನಷ್ಟು ದಿನ ನಡೆಯುತ್ತದೆ ಎಂದರು. ಆದರೂ ಎಂಜಿನ್ ಮಾತ್ರ ಹಾಗೇ ಇತ್ತು. ಹಲ್ಲುಜ್ಜದ ಹುಲಿಯಂತೆ ಗಬ್ಬು ನಾರುತ್ತ ಗುರುಗುಟ್ಟುತ್ತಿತ್ತು.

ಫಕ್ಕೀರೇಶನ ಕಾಲು ನೆಟ್ಟಗೆ ಕೂಡಲಿಲ್ಲ. ಕಂಕುಳಲ್ಲಿ ಊರುಗೋಲು ಬಂತು. ದಾವಲಸಾಬನ ಕೈಯ ಕತೆ ಊರಿಗೆಲ್ಲ ಗೊತ್ತಾಗಿ, ಎಷ್ಟು ಪಗಾರ ಅಂದರೂ ಒಬ್ಬ ಚಾಲಕನೂ ಬರಲಿಲ್ಲ. ಒಂದು ಬೆಳಿಗ್ಗೆ ಅವನು ಕಸ್ತೂರಿಯನ್ನು ತಂದು ನನ್ನ ಸ್ಟೇರಿಂಗಿನ ಮುಂದೆ ಕೂರಿಸಿದ.

ಅವಳು ಅಲ್ಲಿಯವರೆಗೆ ಸೈಕಲ್ ಕೂಡ ಹೊಡೆದಿರಲಿಲ್ಲ. ನನ್ನನ್ನು ಕಲಿತದ್ದು ಪೆಟ್ಟು ತಿಂದು. ಪಕ್ಕದ ಸೀಟಿನಲ್ಲಿ ಊರುಗೋಲು ಹಿಡಿದು ಅವನು ಕೂಡುತ್ತಿದ್ದ. ತಿರುವು ತಡವಾದರೆ ಮೊಣಕೈಗೆ ಏಟು. ಬ್ರೇಕ್ ಬೇಗ ಒತ್ತಿದರೆ ಪಕ್ಕೆಗೆ ತಿವಿತ. ಒಮ್ಮೆ ಹಿಂದಕ್ಕೆ ತೆಗೆಯುವಾಗ ಹೂವಿನ ಕುಂಡ ಒಡೆಯಿತೆಂದು ಅವಳ ತಲೆ ಹಿಡಿದು ಕಿಟಕಿಯ ಗಾಜಿಗೆ ಚಚ್ಚಿದ. ನನ್ನ ಗಾಜು ಗಟ್ಟಿ, ಬಿರುಕು ಬಿಡಲಿಲ್ಲ. ಅವಳ ಹುಬ್ಬು ಬಿರಿಯಿತು. ರಕ್ತ ಒರೆಸಿಕೊಂಡು ಅವಳು ಮತ್ತೆ ಗೇರ್ ಹಾಕಿದಳು.

ಆದರೂ ಕಲಿತಳು. ಅವನು ಕ್ರಷರಿನಲ್ಲಿ ಇಳಿದು ಹೋದ ಮೇಲೆ ಒಬ್ಬಳೇ ಕೂತು ನನ್ನ ಸದ್ದುಗಳನ್ನು ಕೇಳುತ್ತಿದ್ದಳು. ಚಾಲೂ ಆದ ಕೂಡಲೇ ಬರುವ ಎಂಜಿನ್ನಿನೊಳಗಿನ ಸರಪಳಿಯ ಗಲಗಲ ಯಾವುದು, ತಗ್ಗಿಗೆ ಬಿದ್ದಾಗ ಕುಟ್ಟುವುದು ಯಾವುದು, ಎಲ್ಲವೂ ಅವಳಿಗೆ ಗೊತ್ತಾಯಿತು. ಒಂದು ದಿನ ಶಾಲೆ ಬಿಡುವ ಹೊತ್ತಿಗೆ ಹೆಣ್ಣುಮಕ್ಕಳ ಗುಂಪೊಂದು ರಸ್ತೆ ದಾಟುತ್ತಿತ್ತು. ಅವಳು ಎರಡೂ ಕಾಲಿನಿಂದ ಬ್ರೇಕ್ ಒತ್ತಿದಳು. ನನಗೆ ನಿಲ್ಲಲಾಗಲಿಲ್ಲ. ಕಿರಿಚುತ್ತ ಜಾರಿದೆ. ಕೊನೆಯ ಹುಡುಗಿಯ ಜಡೆಯ ರಿಬ್ಬನ್ ನನ್ನ ಬಾನೆಟ್ಟನ್ನು ಸವರಿಹೋಯಿತು. ಹಾರ್ನ್ ಯಾಕೆ ಹೊಡೆಯಲಿಲ್ಲ ಎಂದು ಫಕ್ಕೀರೇಶ ಅವಳನ್ನು ಬೈದ. ಕಸ್ತೂರಿ ಮನೆ ಮುಟ್ಟುವವರೆಗೆ ನನ್ನನ್ನು ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದಳು.

ಮುಂದಿನ ತಿಂಗಳು ಅವನ ಕಾಲಿಗೆ ಇನ್ನೊಂದು ಶಸ್ತ್ರಚಿಕಿತ್ಸೆ ಆಯಿತು. ಅವನು ಆಸ್ಪತ್ರೆಯಲ್ಲಿದ್ದಾಗ ಕಸ್ತೂರಿ ನನ್ನನ್ನು ನೇರವಾಗಿ ಗ್ಯಾರೇಜಿಗೆ ತಂದಳು. ತವರಿನವರು ಹಾಕಿದ್ದ ಬಂಗಾರದ ಬಿಲವಾರದ ಬಳೆ ಅವಳ ಕೈಯಲ್ಲಿರಲಿಲ್ಲ. ಎಣ್ಣೆಯ ಸೋರಿಕೆ, ಸರಪಳಿ, ಸ್ಪ್ರಿಂಗ್ ಎಲ್ಲವನ್ನೂ ಗ್ಯಾರೇಜಿನವನು ಹೇಳುತ್ತ ಹೋದ. ಅವಳು ತಡೆದಳು.

“ಓಡೂದು ಕೆಟ್ರ ಕೆಡ್ಲಿ ಬಿಡ್ರಿ. ನಿಲ್ಲೂದೊಂದು ಚೊಲೋ ಮಾಡಿ ಕೊಡ್ರಿ.”

ಬ್ರೇಕಿಗೆ ಹೊಸ ತಟ್ಟೆ, ಹೊಸ ಪ್ಯಾಡು, ಹೊಸ ಎಣ್ಣೆ. ನನ್ನ ಮೈಯಲ್ಲಿ ಆ ಹೊತ್ತಿಗೆ ಹೊಸದೆಂದು ಇದ್ದದ್ದು ಅಷ್ಟೇ. ಫಕ್ಕೀರೇಶ ಮರಳಿದಾಗ ಅವನಿಗೆ ಏನೂ ತಿಳಿಯಲಿಲ್ಲ. ನಿಂತ ರಭಸಕ್ಕೆ ಹಣೆ ಮುಂದಕ್ಕೆ ಹೋಯಿತೆಂದು ಅವಳ ತೊಡೆಗೆ ಊರುಗೋಲಿನಿಂದ ಹೊಡೆದ, ಅಷ್ಟೇ.

ದಾವಲಸಾಬನ ಕೇಸು ಅಷ್ಟರಲ್ಲಿ ವಿಚಾರಣೆಗೆ ಬಂದಿತ್ತು. ಅವನು ಸಾಕ್ಷಿ ಹೇಳಿದರೆ ಫಕ್ಕೀರೇಶ ಜೈಲು ಕಾಣುವುದು ನಿಶ್ಚಿತ ಎಂದು ಫಕ್ಕೀರೇಶನ ವಕೀಲನೇ ಹೇಳಿದ್ದ. ನನ್ನೊಳಗೆ ಕೂತು ಫಕ್ಕೀರೇಶ ಫೋನಿನಲ್ಲಿ ಯಾರ್‍ಯಾರಿಗೋ ಹೇಳಿ ಬೆದರಿಸಲು ಕಳಿಸುತ್ತಿದ್ದ. ದಾವಲಸಾಬ ಬಗ್ಗಿರಲಿಲ್ಲ. ಬಲಗೈ ಸೊಟ್ಟಗಾಗಿ ಹಿಡಿತ ಹೋಗಿದ್ದರಿಂದ ಚಾಲಕನ ಕೆಲಸ ಮುಗಿದಿತ್ತು. ಕಲಘಟಗಿ ರಸ್ತೆಯ ಇನ್ನೊಂದು ಕ್ವಾರಿಯಲ್ಲಿ ಕಾವಲುಗಾರನಾಗಿದ್ದ.

ಸಾಕ್ಷಿಯ ಹಿಂದಿನ ದಿನ. ಬೆಳಗಿನ ಬಿಸಿಲು ಚೆನ್ನಾಗಿ ಏರಿತ್ತು. ಕಸ್ತೂರಿ ನನ್ನನ್ನು ಕ್ರಷರಿನ ಕಡೆಗೆ ಓಡಿಸುತ್ತಿದ್ದಳು. ದೂರದಲ್ಲಿ ಒಬ್ಬ ಮನುಷ್ಯ ರಸ್ತೆಯ ಎಡಬದಿಗೆ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ. ಎಡಗೈಯಿಂದ ಹ್ಯಾಂಡಲ್ ಹಿಡಿದಿದ್ದ, ಬಲಗೈ ಸುಮ್ಮನೆ ಸೀಟಿನ ಮೇಲೆ ಇತ್ತು. ಇಬ್ಬರೂ ಅವನನ್ನು ಒಟ್ಟಿಗೇ ಗುರುತಿಸಿದರು.

ಫಕ್ಕೀರೇಶ ದನಿ ಏರಿಸಲಿಲ್ಲ. “ಏರಸ್ ಅವನ ಮ್ಯಾಲ,” ಎಂದ.

ಕಸ್ತೂರಿ ವೇಗ ಇಳಿಸಿದಳು.

“ಹೆಂಗಸು ಹೊಸದಾಗಿ ಕಲಿತಿದ್ಲು, ತಪ್ಪಿತು ಅಂತ ಹೇಳಿದ್ರಾತು. ಏರಸ್.”

“ಒಲ್ಲೆ.”

ಮದುವೆಯಾದಾಗಿನಿಂದ ಅವಳು ಆ ಮಾತು ಅವನೆದುರು ಆಡಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಕೇಳಿದ್ದು ಅದೇ ಮೊದಲು. ಅವನು ಊರುಗೋಲನ್ನು ಎತ್ತಿದ. ಹೊಡೆಯಲಿಲ್ಲ. ಅವಳ ಬಲಗಾಲು ಆಕ್ಸಿಲರೇಟರಿನ ಮೇಲಿತ್ತು. ಊರುಗೋಲಿನ ತುದಿಯನ್ನು ಅವಳ ಪಾದದ ಮೇಲಿಟ್ಟು, ಮೈಭಾರವನ್ನೆಲ್ಲ ಹಾಕಿ ಒತ್ತಿದ. ಇನ್ನೊಂದು ಕೈಯಿಂದ ಸ್ಟೇರಿಂಗ್ ಎಡಕ್ಕೆ ಎಳೆದ. ಪೆಡಲು ನೆಲ ಮುಟ್ಟಿತು.

ನಾನು ಹಾರಿದೆ. ಹಾರಲೆಂದೇ ಮಾಡಿದ್ದರು ನನ್ನನ್ನು. ಎರಡು ಟರ್ಬೊಗಳೂ ಕಿರುಚಿದವು, ಹಿಂದಿನ ಚಕ್ರಗಳು ಡಾಂಬರನ್ನು ಕಿತ್ತವು. ಆ ಕ್ಷಣದಲ್ಲಿ ನನಗೆ ಯಜಮಾನ ಯಾರೆಂದು ತಿಳಿಯದು. ಪೆಡಲು ಒತ್ತಿದವನೇ ಯಜಮಾನ. ದಾವಲಸಾಬನ ಬೆನ್ನು ದೊಡ್ಡದಾಗುತ್ತ ಬಂತು. ಅವನು ಸದ್ದಿಗೆ ತಿರುಗಿದ. ಅವನ ಮುಖ ಕಂಡಿತು.

ಕಸ್ತೂರಿ ತನ್ನ ಪಾದ ಬಿಡಿಸಿಕೊಳ್ಳಲು ನೋಡಲಿಲ್ಲ. ಎಡಗಾಲನ್ನು ಎತ್ತಿ ಬ್ರೇಕಿನ ಮೇಲೆ ಅಪ್ಪಳಿಸಿ, ಬೆನ್ನನ್ನು ಸೀಟಿಗೆ ಒತ್ತಿ ಹಿಡಿದಳು. ನಮ್ಮಂಥ ಕಾರುಗಳ ಮಿದುಳಿಗೆ ಒಂದು ಪಾಠ ಹೇಳಿಕೊಟ್ಟಿರುತ್ತಾರೆ: ಎರಡು ಪೆಡಲನ್ನೂ ಒಟ್ಟಿಗೆ ಒತ್ತಿದರೆ ಬ್ರೇಕಿನ ಮಾತನ್ನು ಕೇಳು. ಎಂಜಿನ್ನಿನ ಉಸಿರು ತಟ್ಟನೆ ಕಡಿಯಿತು. ಹೊಸ ತಟ್ಟೆಗಳು ಹಲ್ಲು ಕಚ್ಚಿದವು. ನನ್ನ ಮೂಗು ನೆಲಕ್ಕೆ ಬಾಗಿತು. ದಾವಲಸಾಬ ಚರಂಡಿಯ ಕಡೆಗೆ ಹಾರಿದ. ಸೈಕಲ್ ನನ್ನ ಬಂಪರಿನ ಕೆಳಗೆ ಮಡಚಿಕೊಂಡಿತು. ನಾನು ನಿಂತೆ.

ಫಕ್ಕೀರೇಶನ ಹಣೆ ಡ್ಯಾಶ್‌ಬೋರ್ಡಿಗೆ ಬಡಿದಿತ್ತು. ಅಲ್ಲಿ ಏರ್‌ಬ್ಯಾಗ್ ಇರಲಿಲ್ಲ, ಬರೀ ಮುಚ್ಚಳವಿತ್ತು. ರಕ್ತ ಸುರಿಯುವ ಮುಖದಲ್ಲೇ ಅವನು ಊರುಗೋಲನ್ನು ಎಳೆದುಕೊಂಡು ಅವಳನ್ನು ಹೊಡೆಯತೊಡಗಿದ. ಕುತ್ತಿಗೆಗೆ, ಕಿವಿಗೆ, ಅಡ್ಡ ಬಂದ ಕೈಗೆ. ಅವಳು ಬಾಗಿಲು ತೆರೆದು ಹೊರಗೆ ಬಿದ್ದಳು. ಎದ್ದು, ನನ್ನನ್ನು ಸುತ್ತಿ ಅವನ ಬಾಗಿಲಿಗೆ ಬಂದಳು. ಓಡಿಹೋಗಬಹುದಿತ್ತು, ಅವನು ಅಟ್ಟಿಸಿಕೊಂಡು ಬರುವಂತಿರಲಿಲ್ಲ. ಅವಳು ಬಾಗಿಲು ತೆಗೆದು ಊರುಗೋಲನ್ನು ಅವನ ಕೈಯಿಂದ ಕಿತ್ತುಕೊಂಡಳು.

ಮೊದಲ ಏಟು ಅವನ ಮೊಣಕೈಗೆ ಬಿತ್ತು. ಎರಡನೆಯದು ಭುಜಕ್ಕೆ. ಮೂರನೆಯದು ಎಲ್ಲಿಗೆ ಬಿತ್ತೋ, ಅವನು ಹಲ್ಲೊಂದನ್ನು ಉಗುಳಿದ. ಅವಳು ಬೈಯಲಿಲ್ಲ, ಅಳಲಿಲ್ಲ. ಕಲ್ಲು ಒಡೆಯುವವರಂತೆ ಉಸಿರು ಬಿಡುತ್ತ ಹೊಡೆದಳು. ಅವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಅವಳು ಊರುಗೋಲನ್ನು ತಲೆಯ ಮೇಲಕ್ಕೆ, ಪೂರ್ತಿ ಮೇಲಕ್ಕೆ ಎತ್ತಿದಳು. ಆ ಏಟು ಬಿದ್ದಿದ್ದರೆ ಅವನು ಬದುಕುತ್ತಿರಲಿಲ್ಲ.

ಚರಂಡಿಯಿಂದ ದಾವಲಸಾಬ ಮೇಲೆ ಬಂದಿದ್ದ. ಮಂಡಿ ಒಡೆದಿತ್ತು, ಮೈಯೆಲ್ಲ ಕೆಸರು.

“ಸಾಕ ಯವ್ವಾ,” ಎಂದ. “ಇವನ ಸಲುವಾಗಿ ನೀ ಜೇಲಿಗೆ ಹೋಗಬ್ಯಾಡ. ನಾಳೆ ನಾ ಹೇಳ್ತೀನಿ, ಎಲ್ಲಾ ಹೇಳ್ತೀನಿ. ಸಾಕ.”

ಎತ್ತಿದ ಊರುಗೋಲು ಎಲ್ಲಾದರೂ ಬೀಳಲೇಬೇಕಿತ್ತು. ಅವಳು ಅದನ್ನು ನನ್ನ ಮುಂದಿನ ಗಾಜಿನ ಮೇಲೆ ಇಳಿಸಿದಳು. ಗಾಜು ಜೇಡರ ಬಲೆಯಂತೆ ಸೀಳಿತು, ಊರುಗೋಲು ಎರಡು ತುಂಡಾಯಿತು. ಆ ಪೆಟ್ಟು ತಿಂದದ್ದಕ್ಕೆ ನನಗೆ ಬೇಸರವಿಲ್ಲ. ಆಮೇಲೆ ಅವಳು ರಸ್ತೆಯ ಮೇಲೆಯೇ ಕೂತು ಬಲಗಾಲಿನ ಚಪ್ಪಲಿ ತೆಗೆದಳು. ಪಾದ ಆಗಲೇ ಕುಂಬಳಕಾಯಿಯಂತೆ ಊದಿತ್ತು. ದಾವಲಸಾಬ ತುಸು ದೂರದಲ್ಲಿ ಕೂತ. ಅಷ್ಟರಲ್ಲಿ ಕ್ವಾರಿಯ ಕೆಲಸಗಾರರು ಓಡಿ ಬಂದರು.

ಫಕ್ಕೀರೇಶ ಪೊಲೀಸರಿಗೆ ಹೇಳಿದ್ದು ಅವಳೇ ಕೊಲ್ಲಲು ನೋಡಿದಳು ಎಂದು. ಓಡಿಸುತ್ತಿದ್ದವಳು ಅವಳೇ ಅಲ್ಲವೆ? ಆದರೆ ಅವಳ ಪಾದದ ಮೇಲೆ ಊರುಗೋಲಿನ ರಬ್ಬರ್ ತುದಿಯ ದುಂಡನೆಯ ಗುರುತು ನೀಲಿಗಟ್ಟಿ ಕೂತಿತ್ತು. ಒಳಗೆ ಮೂಳೆ ಸೀಳಿತ್ತು. ಪರೀಕ್ಷಿಸಿದ ಡಾಕ್ಟರು ಅದನ್ನು ಕೋರ್ಟಿನಲ್ಲಿ ಹೇಳಿದರು. ದಾವಲಸಾಬ ಮರುದಿನ ಕುಂಟುತ್ತಲೇ ಹೋಗಿ ತನ್ನ ಸಾಕ್ಷಿ ಹೇಳಿದ. ಕೊಲೆಯತ್ನದ ಎರಡನೆಯ ಕೇಸಿನಲ್ಲೂ ಹೇಳಿದ. ಬಹಳ ಕಾಲ ನಡೆದು, ಕೊನೆಗೆ ಫಕ್ಕೀರೇಶನಿಗೆ ಏಳು ವರ್ಷ ಸಜೆಯಾಯಿತು.

ಇದೆಲ್ಲ ನಾನು ಕೇಳಿ ತಿಳಿದದ್ದು. ನನ್ನನ್ನು ಪೊಲೀಸ್ ಠಾಣೆಯ ಹಿತ್ತಲಿನಲ್ಲಿ ನಿಲ್ಲಿಸಿದ್ದರು. ಇಲಿಗಳು ವೈರು ಕಡಿದವು. ಒಡೆದ ಗಾಜಿನಿಂದ ಮಳೆ ಸುರಿದು ಚರ್ಮದ ಸೀಟಿನಲ್ಲಿ ಅಣಬೆ ಎದ್ದವು.

ತೀರ್ಪಾದ ಮೇಲೆ ಒಂದು ದಿನ ಕಸ್ತೂರಿ ಯಾವುದೋ ಸಹಿಗೆಂದು ಠಾಣೆಗೆ ಬಂದಳು. ಖಾಕಿ ಬಣ್ಣದ ಅಂಗಿ ತೊಟ್ಟಿದ್ದಳು. ಊರಿನ ಕಸ ಒಯ್ಯುವ ಸಣ್ಣ ಟಿಪ್ಪರ್ ಓಡಿಸುವ ಕೆಲಸ ಹಿಡಿದಿದ್ದಾಳೆ ಎಂದು ಅವಳ ಮಾತಿನಿಂದ ಗೊತ್ತಾಯಿತು. ಪಾದ ಇನ್ನೂ ಸ್ವಲ್ಪ ಎಳೆಯುತ್ತಿತ್ತು. ಬೇಕಿದ್ದರೆ ಗಾಡಿಯನ್ನು ಕೋರ್ಟಿನಿಂದ ಬಿಡಿಸಿಕೊಳ್ಳಬಹುದು, ಎಂಜಿನ್ ಇನ್ನೂ ಬೆಲೆಬಾಳುತ್ತದೆ ಎಂದಳು ಹೆಣ್ಣು ಪೇದೆ.

ಕಸ್ತೂರಿ ನನ್ನ ಸುತ್ತ ಒಂದು ಸುತ್ತು ಬಂದಳು. ತಗ್ಗಾದ ಬಾನೆಟ್ಟಿನ ಹತ್ತಿರ ನಿಂತಳು.

“ಬ್ಯಾಡ್ರಿ,” ಎಂದಳು. “ಇದರ ಹೊಟ್ಟಿ ತುಂಬಸೂದು ನನ್ನ ಕಡಿಂದ ಆಗಂಗಿಲ್ಲ.”

ಪೇದೆ ನಕ್ಕಳು. ಇಷ್ಟು ದೊಡ್ಡ ಗಾಡಿ ಓಡಿಸುವುದನ್ನು ಯಾರು ಕಲಿಸಿದರು ಎಂದು ಕೇಳಿದಳು. ಕಸ್ತೂರಿ ಸಹಿಯ ಕಾಗದವನ್ನು ಮಡಚಿಕೊಂಡಳು.

“ಯಾರೂ ಕಲಿಸಿಲ್ರಿ. ನಾನ ಕಲತೆ.”

ಆಮೇಲೆ ನಾನು ಹರಾಜಾದೆ. ಈಗ ಹುಬ್ಬಳ್ಳಿಯ ಒಂದು ಗುಜರಿಯಲ್ಲಿದ್ದೇನೆ. ಎಂಜಿನ್ನನ್ನು ಸರಪಳಿ ಹಾಕಿ ಎತ್ತಿ ಒಯ್ದಾಯಿತು. ಐನೂರು ಕುದುರೆಗಳು ಒಂದು ಮಿನಿ ಲಾರಿಯ ಹಿಂದೆ ಬಿದ್ದುಕೊಂಡು ಹೋದವು. ಗ್ಯಾಸ್ ಕಟರಿನವನು ಬರುವುದಿದೆ. ಮೊದಲು ಛಾವಣಿ ಕೊಯ್ಯುತ್ತಾರಂತೆ, ಆಮೇಲೆ ಕಂಬಗಳನ್ನು. ನನ್ನನ್ನು ಕಂಡು ಹೊಟ್ಟೆಕಿಚ್ಚು ಪಟ್ಟವರು ಬಹಳ, ಹೆದರಿ ಬದಿಗೆ ಸರಿದವರು ಇನ್ನೂ ಬಹಳ. ಅವರೆಲ್ಲ ನೋಡಿದ್ದು ನನ್ನ ಓಟವನ್ನು. ನಾನು ನಿಂತದ್ದನ್ನು ನೋಡಿದವರು ಮೂವರೇ. ಅವರಲ್ಲಿ ಒಬ್ಬ ಸೊಟ್ಟ ಕೈಯ ಮನುಷ್ಯ ಇವತ್ತೂ ಕಲಘಟಗಿ ರಸ್ತೆಯಲ್ಲಿ ಕೆಲಸಕ್ಕೆ ನಡೆದು ಹೋಗಿರುತ್ತಾನೆ. ಇಷ್ಟು ಹೊತ್ತಿಗೆ ಬುತ್ತಿ ಬಿಚ್ಚಿರಬೇಕು.